ಪಾಳಿ

ತೋರಣಗಲ್ಲಿನ ರೋಲಿಂಗ್ ಮಿಲ್ಲಿನಲ್ಲಿ ರಾತ್ರಿ ಪಾಳಿ.
ಗಾಜಿನಾಚೆ ಕೆಂಪು ತಗಡು ಓಡುತ್ತದೆ.
ಈಚೆ, ನನ್ನ ಮೇಜಿನ ಕೆಳಗೆ,
ಮೂವತ್ತೆರಡು ಕೋರಿನ ಒಂದು ಪೆಟ್ಟಿಗೆ
ಗೂರಲಿನ ಮುದುಕನಂತೆ ಉಸಿರುಬಿಡುತ್ತ ಕೂತಿದೆ.

ಅದರ ಕೆಲಸ ಸಣ್ಣದು:
ಹತ್ತು ಮಿಲಿಸೆಕೆಂಡಿಗೊಮ್ಮೆ
ಉರುಳೆಗಳ ನಡುವೆ ಸಂದು ಎಷ್ಟಿರಬೇಕೆಂದು ಹೇಳುವುದು.
ನಾಲ್ಕರಲ್ಲಿ ಹೇಳಿ ಮುಗಿಸುತ್ತದೆ. ಯಾವಾಗಲೂ ನಾಲ್ಕು.
ಅಂದರೆ, ಬಹುಮಟ್ಟಿಗೆ.

ಹೋದ ಮಂಗಳವಾರ ಎರಡೂ ಮುಕ್ಕಾಲಿಗೆ
ಹದಿಮೂರು ತೆಗೆದುಕೊಂಡಿತು.
ರೆಪ್ಪೆ ಬಡಿಯುವಷ್ಟೂ ಹೊತ್ತಲ್ಲ.
ತಗಡು ಸೆಟೆದು ಎದ್ದು ನಿಂತು
ಮಡಿಕೆ ಮೇಲೆ ಮಡಿಕೆ ಬಿದ್ದು
ಕೆಂಪು ಶಾವಿಗೆಯ ರಾಶಿಯಾಯಿತು.
ಎರ್ರಿಸ್ವಾಮಿ ಹೆಲ್ಮೆಟ್ ತೆಗೆದು ಹಣೆ ಒರೆಸಿಕೊಂಡ:
"ಮೇಡಮ್ಮರೇ, ನಿಮ್ಮ ಡಬ್ಬಿ ತೂಕಡಿಸ್ತೈತಿ."

ತೂಕಡಿಸಿರಲಿಲ್ಲ. ಮೂರು ರಾತ್ರಿ ಕೂತು ನೋಡಿದೆ.
ಹೊಸದಾಗಿ ಬಂದ ಕ್ಯಾಮೆರಾಗಳಿಗೆ ಎಂಟು ಕೋರು,
ತಗಡಿನ ಮೈಮೇಲೆ ಗೀರು ಹುಡುಕುವ ಕೆಲಸ.
ಅವೂ ತಪ್ಪು ಮಾಡಿರಲಿಲ್ಲ,
ತಮ್ಮ ಕೋಣೆ ಬಿಟ್ಟು ಕದಲಿರಲಿಲ್ಲ.
ಕೋಣೆ ಬೇರೆ ಬೇರೆ, ಖರೆ;
ಮೆಮೊರಿಗೆ ಹೋಗುವ ದಾರಿ ಮಾತ್ರ ಒಂದೇ,
ಬೇಕಾದ್ದನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳುವ ಕಟ್ಟೆಯೂ ಒಂದೇ.
ಅವು ಚಿತ್ರದ ಮೇಲೆ ಚಿತ್ರ ತಂದು ಸುರಿದಾಗ
ನನ್ನ ಉರುಳೆಯ ಅಂಕಿಗಳು
ಸದ್ದಿಲ್ಲದೆ ಕಟ್ಟೆಯಿಂದ ಜಾರಿ ಬಿದ್ದವು.
ಮತ್ತೆ ತರಲು ಹೋದರೆ ಸಾಲು.

ಸಾಲು ಅಂದರೆ ನನಗೆ ಗೊತ್ತು.

ಕೌಲ್ ಬಜಾರಿನ ನಮ್ಮ ವಠಾರದಲ್ಲಿ
ಹನ್ನೊಂದು ಮನೆ, ಒಂದು ನಳ.
ನೀರು ಎಂಟು ದಿನಕ್ಕೊಮ್ಮೆ, ಒಂದೂವರೆ ತಾಸು.
ಮೊದಲೆಲ್ಲ ಮುಂಚೆ ಎದ್ದವನೇ ಗೌಡ.
ಜೀನ್ಸಿಗೆ ಬಣ್ಣ ಹಾಕುವ ಮನೆಯವರು ಪೈಪು ಹಚ್ಚಿದರೆಂದರೆ
ಉಳಿದವರ ಕೊಡ ಟಣ್ ಟಣ್.
ಕೆಟ್ಟವರೇನಲ್ಲ, ಹೊಟ್ಟೆಪಾಡು.
ನಮ್ಮವ್ವ ಒಂದು ಸಲ ಆರು ಕೊಡ ತಂದಳು, ಇನ್ನೊಂದು ಸಲ ಅರ್ಧ.
"ಸರಾಸರಿ ಮೂರರ ಮ್ಯಾಲೆ ಬಂತಲ್ಲ" ಅಂದ ಅಪ್ಪನಿಗೆ
ಆ ಅರ್ಧದ ದಿನ ಚಹಾ ಸಿಗಲಿಲ್ಲ.

ಖಾಜಾಬನ್ನಿ ಒಂದು ಮುಂಜಾನೆ
ಯಾರ್ಯಾರದೋ ಉಳಿದ ಪೇಂಟು ಹಿಡಿದು ಬಂದಳು.
ನಳದ ಕಟ್ಟೆಯ ಮೇಲೆ ಹನ್ನೊಂದು ಚೌಕ, ಹನ್ನೊಂದು ಬಣ್ಣ.
ನಿನ್ನ ಕೊಡ ನಿನ್ನ ಬಣ್ಣದ ಮ್ಯಾಲೆ,
ಇನ್ನೊಬ್ಬರದನ್ನ ದೂಡಂಗಿಲ್ಲ.
ಪಾಳಿಗೆ ನಾಕು ಕೊಡ. ಮುಗೀತಾ? ಹಿಂದ ಸರಿ.
ಯಾರದಾದರೂ ಉಳಿದರೆ ಬಣ್ಣದ ಮನೆಗೆ,
"ಆದ್ರ ಕೇಳಿ ಒಯ್ಯಬೇಕು."
ನಮಗೆ ಸಿಕ್ಕದ್ದು ಯಾರೂ ಬೇಡವೆಂದ ಕಂದು.

ಶುಕ್ರವಾರ ರಾತ್ರಿ ನಾನೂ ಅದನ್ನೇ ಮಾಡಿದೆ.
ಒಳಗಿನ ಕಟ್ಟೆಯನ್ನು ಬಣ್ಣಕ್ಕಿಷ್ಟು ಎಂದು ಹಂಚಿದೆ;
ಕ್ಯಾಮೆರಾಗಳಿಗೆ ಮಿಲಿಸೆಕೆಂಡಿಗೆ ಇಷ್ಟೇ ಕೊಡ,
ತೀರಿದರೆ ಮುಂದಿನ ಪಾಳಿಯ ತನಕ ಸುಮ್ಮನೆ ಕೂಡಬೇಕು.
ಈಗ ಸಂದಿನ ಲೆಕ್ಕಕ್ಕೆ ನಾಲ್ಕಲ್ಲ, ಐದೂವರೆ.
ಎರಡು ರಾತ್ರಿ, ಐವತ್ತು ಲಕ್ಷ ಸಲ ನೋಡಿದೆ,
ಒಮ್ಮೆಯೂ ಏಳು ದಾಟಲಿಲ್ಲ.

ಸಾಹೇಬರು ತಖ್ತೆ ನೋಡಿ
"ನಿಧಾನ ಆತಲ್ಲಮ್ಮ" ಅಂದರು.
ಹೌದು ಸರ್. ಯಾವತ್ತೂ ಇಷ್ಟೇ ನಿಧಾನ.
ಅವರಿಗೆ ಅದು ಉತ್ತರ ಅನ್ನಿಸಲಿಲ್ಲ.
ಎರ್ರಿಸ್ವಾಮಿ ಒಬ್ಬ ನಕ್ಕ.
ತಗಡಿನ ಮಗ್ಗುಲಿಗೆ ನಿಲ್ಲುವವನು ಅವನು.

ಬೆಳಗಿನ ಬಸ್ಸಿಳಿದು ಬಂದರೆ ನೀರಿನ ದಿನ.
ಚೌಕಗಳ ಬಣ್ಣ ಅರ್ಧ ಅಳಿದಿದೆ,
ಕೊಡಗಳು ತಮ್ಮ ತಮ್ಮ ಜಾಗ ಮರೆತಿಲ್ಲ.
ಆದೋನಿಗೆ ಮಗಳ ಮನೆಗೆಂದು ಹೋದ ಖಾಜಾಬನ್ನಿ
ತಿರುಗಿ ಬಂದಿಲ್ಲ, ಅವಳ ಹಸಿರು ಖಾಲಿ.
ಬಣ್ಣದ ಮನೆಯ ಹುಡುಗ ಎರಡು ಕೊಡ ಹಿಡಿದು
ಅದರ ಅಂಚಿಗೆ ನಿಂತಿದ್ದ.
"ಅಕ್ಕಾ, ಇದು ಉಳಿದದ್ದು ಹೌದಲ್ಲ?
ಯಾರನ್ನ ಕೇಳ್ಲಿ?"

ನಳ ಗಾಳಿ ಉಗುಳುತ್ತಿತ್ತು,
ನೀರಿನ್ನೂ ದಾರಿಯಲ್ಲಿತ್ತು.